ಹತ್ತು ರೂಪಾಯಿಯ ಕಣ್ಣು, ನಮ್ಮೂರ ಬೆಳಕು

ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಕೆ.ಆರ್. ಪೇಟೆ, ಅದರಾಚೆ ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಹಳ್ಳಿ ರಸ್ತೆಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಎತ್ತಿ ನೋಡಿದರೆ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಬೀದಿ ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಸೂರ್ಯ ನೆತ್ತಿಯ ಹತ್ತಿರ ಬಂದಿರುತ್ತಾನೆ, ಅವನ ಎದುರು ನಮ್ಮ ಎಲ್‌ಇಡಿ ಬಲ್ಬು ಪೈಪೋಟಿಗೆ ನಿಂತಿರುತ್ತದೆ. ಅದೇ ಊರಿನಲ್ಲಿ ಸಂಜೆ ಏಳಕ್ಕೆ ಬಸ್ಸಿಳಿದರೆ ಕೆಲವು ದಿನ ಬೀದಿಯಲ್ಲಿ ದೀಪವೇ ಇರುವುದಿಲ್ಲ. ಲ್ಯಾಬ್ ಮುಗಿಸಿ ತಡವಾಗಿ ಬರುವ ನನ್ನಂಥ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ಮನೆ ಸೇರಬೇಕು.

ಹಗಲಿನ ದೀಪಕ್ಕೂ ಸಂಜೆಯ ಕತ್ತಲಿಗೂ ಕಾರಣ ಒಂದೇ. ಸ್ವಿಚ್ ಹಾಕುವುದು, ತೆಗೆಯುವುದು ಒಬ್ಬ ಮನುಷ್ಯನ ನೆನಪಿನ ಮೇಲೆ ನಿಂತಿದೆ. ಇದಕ್ಕೆ ಪರಿಹಾರ ಎಲೆಕ್ಟ್ರಾನಿಕ್ಸ್ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ಡಬ್ಬಿಯಲ್ಲೂ ಬಿದ್ದಿದೆ. ಕಾಳಿನ ಗಾತ್ರದ, ಮೇಲೆ ಹಾವಿನ ಹಾಗೆ ಬಳುಕಿದ ಗೆರೆ ಇರುವ, ಐದು-ಹತ್ತು ರೂಪಾಯಿಗೆ ಸಿಗುವ ಎಲ್‌ಡಿಆರ್. ಬೆಳಕನ್ನು ಗುರುತಿಸುವ ಪುಟ್ಟ ಕಣ್ಣು ಅದು.

ಆದರೆ ನಮ್ಮ ಕಾಲೇಜುಗಳಲ್ಲಿ ಎಲ್‌ಡಿಆರ್ ಎಂದರೆ ಒಂದು ಬಗೆಯ ತಾತ್ಸಾರ. ‘ಅದು ಹೈಸ್ಕೂಲ್ ಮಕ್ಕಳ ಪ್ರಾಜೆಕ್ಟ್’ ಎನ್ನುತ್ತೇವೆ. ಕೃತಕ ಬುದ್ಧಿಮತ್ತೆ, ಡ್ರೋನ್, ಮುಖ ಗುರುತಿಸುವ ಕ್ಯಾಮೆರಾ ಎಂದು ದೊಡ್ಡ ಹೆಸರಿನ ಪ್ರಾಜೆಕ್ಟ್‌ಗಳ ಹಿಂದೆ ಹೋಗುತ್ತೇವೆ. ಎಷ್ಟೋ ತಂಡಗಳು ಸಾವಿರಾರು ರೂಪಾಯಿ ಕೊಟ್ಟು ಸಿದ್ಧ ಪ್ರಾಜೆಕ್ಟ್ ಕೊಂಡು ತರುತ್ತವೆ. ವರದಿಯೂ ಅದರ ಜೊತೆಗೇ ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಹತ್ತು ರೂಪಾಯಿಯ ಎಲ್‌ಡಿಆರನ್ನು ಪೂರ್ತಿ ಅರ್ಥ ಮಾಡಿಕೊಂಡು, ನಮ್ಮೂರಿನ ಬೆಳಕನ್ನು ನಾವೇ ಅಳೆದು, ಒಂದು ಬೀದಿಯ ದೀಪವನ್ನು ಸರಿಯಾಗಿ ಉರಿಸುವ ವಿದ್ಯಾರ್ಥಿ, ಐವತ್ತು ಸಾವಿರದ ಪ್ರಾಜೆಕ್ಟ್ ಕೊಂಡು ತಂದವನಿಗಿಂತ ಒಳ್ಳೆಯ ಎಂಜಿನಿಯರ್.

ಕೆಲಸ ಹುಡುಕುವವರಿಗೂ ಇದರಲ್ಲಿ ಪಾಠವಿದೆ. ನಮ್ಮ ಸೀನಿಯರ್‌ಗಳು ಸಂದರ್ಶನ ಮುಗಿಸಿ ಬಂದು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. ಅಲ್ಲಿ ಯಾರೂ ಪ್ರಾಜೆಕ್ಟಿನ ಹೆಸರು ಕೇಳಿ ಬೆರಗಾಗುವುದಿಲ್ಲ. ‘ಈ ಜಾಗದಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಏಕೆ ಹಾಕಿದಿರಿ? 1 ಕಿಲೋ ಓಮ್ ಹಾಕಿದ್ದರೆ ಏನಾಗುತ್ತಿತ್ತು?’ ಎಂದು ಕೇಳುತ್ತಾರೆ. ಕೊಂಡು ತಂದವರು ಅಲ್ಲಿಗೆ ನಿಂತುಬಿಡುತ್ತಾರೆ.

ಬೆಳಕು ಬಿದ್ದರೆ ದಾರಿ ಬಿಡುವ ವಸ್ತು

ಎಲ್‌ಡಿಆರ್ ಎಂದರೆ ಬೆಳಕನ್ನು ಅವಲಂಬಿಸಿದ ರೆಸಿಸ್ಟರ್. ಅದರ ಮೇಲಿನ ಬಳುಕು ಗೆರೆ ಸಾಮಾನ್ಯವಾಗಿ ಕ್ಯಾಡ್ಮಿಯಂ ಸಲ್ಫೈಡ್ ಎಂಬ ಅರೆವಾಹಕದ್ದು. ಕತ್ತಲಲ್ಲಿ ಅದರೊಳಗೆ ಓಡಾಡಲು ಬಿಡುವಾಗಿರುವ ಎಲೆಕ್ಟ್ರಾನ್‌ಗಳು ತೀರಾ ಕಡಿಮೆ, ಹಾಗಾಗಿ ವಿದ್ಯುತ್ತಿಗೆ ಅಡ್ಡಿ ಹೆಚ್ಚು. ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ಅಡ್ಡಿ ಇಳಿಯುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 5 ಮಿ.ಮೀ. ಅಗಲದ ಜಿಎಲ್5528 ಮಾದರಿಯನ್ನೇ ತೆಗೆದುಕೊಳ್ಳಿ. ಕತ್ತಲಲ್ಲಿ ಅದರ ರೋಧ 1 ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್‌ನಷ್ಟು. 10 ಲಕ್ಸ್‌ನ ಮಬ್ಬು ಬೆಳಕಿನಲ್ಲಿ 8ರಿಂದ 20 ಕಿಲೋ ಓಮ್. ಬಿಸಿಲಿಗೆ ಹಿಡಿದರೆ ಕೆಲವು ನೂರು ಓಮ್‌ಗೆ ಇಳಿಯುತ್ತದೆ. ಅದು ಹೆಚ್ಚು ಸ್ಪಂದಿಸುವುದು 540 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕಿಗೆ. ಹಗಲಿನಲ್ಲಿ ನಮ್ಮ ಕಣ್ಣೂ ಹೆಚ್ಚು ಗ್ರಹಿಸುವುದು ಹೆಚ್ಚು ಕಡಿಮೆ ಅದೇ ಹಸಿರನ್ನು. ನಮಗೆ ಕತ್ತಲೆನಿಸಿದ್ದು ಅದಕ್ಕೂ ಕತ್ತಲೆನಿಸಲು ಇದೂ ಒಂದು ಕಾರಣ.

ಬೆಳಕಿಗೆ ರೋಧ ಬದಲಾಗುತ್ತದೆ ಎಂಬುದು ಗೊತ್ತಾದದ್ದೂ ಅಳತೆ ಕೈಕೊಟ್ಟಾಗಲೇ. 1873ರಲ್ಲಿ ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲೆಂಡಿನ ಎಂಜಿನಿಯರ್, ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳ ಪರೀಕ್ಷೆಗೆ ಸೆಲೆನಿಯಂ ಕಡ್ಡಿಗಳನ್ನು ರೆಸಿಸ್ಟರ್ ಆಗಿ ಬಳಸುತ್ತಿದ್ದರು. ಅಳತೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಕಡ್ಡಿ ಸರಿಯಿಲ್ಲ ಎಂದು ಎಸೆಯುವ ಬದಲು ‘ಏಕೆ’ ಎಂದು ಹುಡುಕಿದಾಗ, ಅದರ ಮೇಲೆ ಬೀಳುತ್ತಿದ್ದ ಬೆಳಕೇ ಕಾರಣ ಎಂದು ತಿಳಿಯಿತು. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಹೊಂದದಿದ್ದರೆ ನಾವು ಮಾಡುವುದೇನು? ಪಕ್ಕದ ಬೆಂಚಿನವರ ರೆಕಾರ್ಡ್ ನೋಡಿ ಬರೆಯುತ್ತೇವೆ.

ಎಲ್‌ಡಿಆರ್ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಅದರ ಜೊತೆ ಒಂದು ಸಾಮಾನ್ಯ ರೆಸಿಸ್ಟರ್ ಸರಣಿಯಲ್ಲಿ ಜೋಡಿಸಬೇಕು. 5 ವೋಲ್ಟ್‌ಗೆ ಎಲ್‌ಡಿಆರ್, ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್, ನಡುವಿನಿಂದ ಒಂದು ತಂತಿ. ಎರಡೂ ಸಮವಾಗಿದ್ದರೆ ನಡುವೆ 2.5 ವೋಲ್ಟ್. ಆರ್ಡುಯಿನೋ ಯುನೋ ಬೋರ್ಡ್ 0ಯಿಂದ 5 ವೋಲ್ಟ್‌ವರೆಗಿನದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ, ಹಾಗಾಗಿ ಅಲ್ಲಿ ಸುಮಾರು 512 ಕಾಣುತ್ತದೆ. ಬೆಳಕಿನಲ್ಲಿ ಎಲ್‌ಡಿಆರ್ 1 ಕಿಲೋ ಓಮ್‌ಗೆ ಇಳಿದರೆ 930ರ ಆಸುಪಾಸು. ಪೂರ್ತಿ ಕತ್ತಲಲ್ಲಿ 10.

ಸಂದರ್ಶನದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಎಲ್‌ಡಿಆರ್ ಮತ್ತು ಜೊತೆಯ ರೆಸಿಸ್ಟರ್ ಸಮವಾಗಿರುವ ಹೊತ್ತಿನಲ್ಲಿ ಈ ಜೋಡಿ ಅತಿ ಚುರುಕು. ಬೆಳಕಿನ ಸಣ್ಣ ಬದಲಾವಣೆಗೂ ವೋಲ್ಟೇಜ್ ಚೆನ್ನಾಗಿ ಬದಲಾಗುವುದು ಅಲ್ಲೇ. ಆದ್ದರಿಂದ ಯಾವ ಬೆಳಕಿನಲ್ಲಿ ನಿರ್ಧಾರ ತೆಗೆದುಕೊಳ್ಳಬೇಕೋ ಆ ಬೆಳಕಿನಲ್ಲಿ ಎಲ್‌ಡಿಆರ್‌ನ ರೋಧ ಎಷ್ಟಿದೆ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ, ಅಷ್ಟೇ ಬೆಲೆಯ ರೆಸಿಸ್ಟರ್ ಆರಿಸಬೇಕು. ಮುಸ್ಸಂಜೆಯ 10 ಲಕ್ಸ್‌ಗೆ ಸುಮಾರು 10 ಕಿಲೋ ಓಮ್ ಹೊಂದುತ್ತದೆ. ಅಲ್ಲಿ 1 ಕಿಲೋ ಓಮ್ ಹಾಕಿದರೆ ಇನ್ನೂ ಬೆಳಕಿರುವಾಗಲೇ ಸಂಖ್ಯೆ ತಳ ಕಂಡಿರುತ್ತದೆ, ಮುಸ್ಸಂಜೆಯ ವ್ಯತ್ಯಾಸ ತಿಳಿಯುವುದೇ ಇಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಸಂಖ್ಯೆ

ನಾವು ನಾಲ್ವರು ಗೆಳತಿ-ಗೆಳೆಯರು ಒಂದೇ ತರಗತಿಯವರು, ನಾಲ್ಕು ತಾಲ್ಲೂಕಿನವರು. ನಾನು ಪಾಂಡವಪುರದ ಕಡೆಯವಳು. ಉಳಿದವರಲ್ಲಿ ಒಬ್ಬರು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಯವರು, ಒಬ್ಬರು ಕೆ.ಆರ್. ಪೇಟೆ, ಇನ್ನೊಬ್ಬರು ನಾಗಮಂಗಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಒಂದೇ ಪೊಟ್ಟಣದ ನಾಲ್ಕು ಎಲ್‌ಡಿಆರ್ ಹಂಚಿಕೊಂಡೆವು. ಒಂದೇ ಜೋಡಣೆ, ಒಂದೇ ಪ್ರೋಗ್ರಾಂ.

ಮೊದಲು ನಾಲ್ಕನ್ನೂ ಒಂದೇ ಬೆಂಚಿನ ಮೇಲೆ, ಒಂದೇ ಟ್ಯೂಬ್‌ಲೈಟ್ ಕೆಳಗೆ ಸಾಲಾಗಿ ಇಟ್ಟೆವು. ಒಂದರಲ್ಲಿ 612, ಮತ್ತೊಂದರಲ್ಲಿ 668, ಮೂರನೆಯದರಲ್ಲಿ 701, ಕೊನೆಯದರಲ್ಲಿ 745. ಬೆಳಕು ಅದೇ, ಉತ್ತರ ನಾಲ್ಕು. ತಯಾರಕರು ‘8ರಿಂದ 20 ಕಿಲೋ ಓಮ್’ ಎಂದು ಬರೆದಿರುವುದರ ಅರ್ಥ ಆ ದಿನ ಕಣ್ಣಿಗೆ ಕಂಡಿತು. ಒಂದೇ ಬಳ್ಳಿಯ ಕಾಯಿಯಾದರೂ ಎಲ್ಲವೂ ಒಂದೇ ತೂಕ ಇರುವುದಿಲ್ಲವಲ್ಲ, ಹಾಗೆ.

ಆಮೇಲೆ ಒಂದು ಶನಿವಾರ ಸಂಜೆ ನಾಲ್ವರೂ ನಮ್ಮ ನಮ್ಮ ಮನೆಯ ಮೇಲೆ ಇಟ್ಟು, ಸಂಖ್ಯೆ 500ಕ್ಕಿಂತ ಕೆಳಗಿಳಿದ ಸಮಯ ಬರೆದುಕೊಂಡೆವು. ಮೊದಲು ಇಳಿದದ್ದಕ್ಕೂ ಕೊನೆಗೆ ಇಳಿದದ್ದಕ್ಕೂ ಹನ್ನೊಂದು ನಿಮಿಷ ಅಂತರ. ಸೆನ್ಸರ್‌ಗಳ ನಡುವಿನ ವ್ಯತ್ಯಾಸ ಒಂದು ಪಾಲಾದರೆ ಜಾಗದ್ದು ಮತ್ತೊಂದು ಪಾಲು. ಕೋಟೆಯ ಇಕ್ಕಟ್ಟು ಬೀದಿಯಲ್ಲಿ ಗೋಡೆಗಳ ನೆರಳು, ನಮ್ಮ ಮನೆಯ ಹಿಂದೆ ತೆಂಗಿನ ತೋಟ, ನಾಗಮಂಗಲದ ಕಡೆ ಬಯಲು ಹೊಲದ ಮೇಲೆ ಉಳಿದುಕೊಂಡ ಪಡುವಣದ ಬೆಳಕು.

ಹನ್ನೊಂದು ನಿಮಿಷ ಸಣ್ಣದಲ್ಲ. ನಮ್ಮ ಕಡೆ ಮುಸ್ಸಂಜೆ ಬೇಗ ಮುಗಿಯುತ್ತದೆ. ಸೂರ್ಯ ಮುಳುಗುವಾಗ ಕೆಲವು ನೂರು ಲಕ್ಸ್ ಇರುವ ಬೆಳಕು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಕೆಲವೇ ಲಕ್ಸ್‌ಗೆ ಇಳಿದುಬಿಡುತ್ತದೆ. ಇನ್ಯಾರೋ ಇನ್ನೆಲ್ಲೋ ಕೂತು ‘500 ಇಟ್ಟುಕೊಳ್ಳಿ’ ಎಂದು ಬರೆದದ್ದನ್ನು ನಕಲು ಮಾಡಿದರೆ ನಮ್ಮ ಬೀದಿಗೆ ಅದು ಹೊಂದುತ್ತದೆ ಎಂಬ ಖಾತರಿ ಇಲ್ಲ. ಪ್ರೋಗ್ರಾಂ ನಕಲು ಮಾಡಬಹುದು, ಬೆಳಕನ್ನು ನಕಲು ಮಾಡಲಾಗದು. ಅದನ್ನು ಅವರವರ ಜಾಗದಲ್ಲೇ ಅಳೆಯಬೇಕು.

ಬೆಂಚಿನಿಂದ ಕಂಬಕ್ಕೆ

ಬೆಂಚಿನ ಮೇಲೆ ಚೆನ್ನಾಗಿ ಕೆಲಸ ಮಾಡಿದ್ದು ಕಂಬದ ಮೇಲೆ ಕುಣಿಯತೊಡಗುತ್ತದೆ. ಕಾರಣಗಳು ಪಠ್ಯದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗಿರುತ್ತವೆ, ಊರಿನಲ್ಲಿ ಅವೇ ಮುಖ್ಯ.

ಒಂದು, ದೀಪದ ಬೆಳಕು ಸೆನ್ಸರ್ ಮೇಲೇ ಬೀಳುವುದು. ಕತ್ತಲಾಯಿತು, ದೀಪ ಹತ್ತಿತು. ಆ ಬೆಳಕನ್ನೇ ಕಂಡು ಸೆನ್ಸರ್ ‘ಬೆಳಗಾಯಿತು’ ಎಂದುಕೊಂಡಿತು, ದೀಪ ಆರಿತು. ಮತ್ತೆ ಕತ್ತಲು, ಮತ್ತೆ ದೀಪ. ರಾತ್ರಿಯಿಡೀ ಮಿಣುಕಾಟ. ಸೆನ್ಸರನ್ನು ದೀಪಕ್ಕೆ ಮರೆಯಾಗಿ, ಆಕಾಶಕ್ಕೆ ಮುಖ ಮಾಡಿ ಇಡಬೇಕು.

ಎರಡು, ಒಂದೇ ಗಡಿ ಇಟ್ಟರೆ ಸಾಲದು. ಸಂಖ್ಯೆ 499, 501 ಎಂದು ಆಚೀಚೆ ಓಲಾಡುವ ಹೊತ್ತಿನಲ್ಲಿ ರಿಲೇ ಟಕಟಕ ಎನ್ನುತ್ತಲೇ ಇರುತ್ತದೆ. 300ಕ್ಕಿಂತ ಕೆಳಗಿಳಿದರೆ ಹಚ್ಚು, 500 ದಾಟಿದರೆ ಮಾತ್ರ ಆರಿಸು ಎಂದು ಎರಡು ಗಡಿ ಬೇಕು. ಇದನ್ನೇ ಹಿಸ್ಟರಿಸಿಸ್ ಎನ್ನುವುದು. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಪದ ಟಕಟಕ ಸದ್ದು ಕೇಳಿದವರಿಗೆ ಮರೆಯುವುದಿಲ್ಲ.

ಮೂರು, ತಾಳ್ಮೆ. ಮಿಂಚು ಹೊಡೆದರೆ, ಕಬ್ಬಿನ ಲಾರಿಯ ಹೆಡ್‌ಲೈಟ್ ಬಿದ್ದರೆ ದೀಪ ಆರಬಾರದು. ಒಂದೆರಡು ನಿಮಿಷ ಬೆಳಕು ಹಾಗೇ ಇದ್ದರೆ ಮಾತ್ರ ಬದಲಾಯಿಸು ಎಂದು ಪ್ರೋಗ್ರಾಂನಲ್ಲಿ ಹೇಳಬೇಕು. ಮಳೆಗಾಲದ ಮೋಡಕ್ಕೆ ಹೆದರಬೇಕಿಲ್ಲ. ದಟ್ಟ ಮೋಡದ ನಡುಹಗಲಿನಲ್ಲೂ ಸಾಮಾನ್ಯವಾಗಿ ಸಾವಿರ ಲಕ್ಸ್‌ಗಿಂತ ಹೆಚ್ಚು ಬೆಳಕಿರುತ್ತದೆ, ನಮ್ಮ ಗಡಿ ಇರುವುದು ಹತ್ತಾರು ಲಕ್ಸ್‌ನಲ್ಲಿ.

ನಾಲ್ಕು, ಕೊಳೆ. ನಮ್ಮ ಕಡೆ ಆಲೆಮನೆಯ ಹೊಗೆ, ಮಣ್ಣು ರಸ್ತೆಯ ದೂಳು, ಜೇಡರ ಬಲೆ, ಹಕ್ಕಿಯ ಹಿಕ್ಕೆ ಎಲ್ಲವೂ ಉಂಟು. ಸೆನ್ಸರ್ ಮೇಲಿನ ಗಾಜಿಗೆ ಮಸಿ ಹಿಡಿದರೆ ಅದಕ್ಕೆ ಹಗಲೇ ಸಂಜೆ. ತಿಂಗಳಿಗೊಮ್ಮೆ ಬಟ್ಟೆಯಲ್ಲಿ ಒರೆಸುವವರು ಬೇಕು.

ಕೊನೆಯದು, ಎಚ್ಚರಿಕೆ. 5 ವೋಲ್ಟ್‌ನ ಬ್ರೆಡ್‌ಬೋರ್ಡ್ ಬೇರೆ, 230 ವೋಲ್ಟ್‌ನ ಕಂಬ ಬೇರೆ. ಮನೆಯಲ್ಲಿ 12 ವೋಲ್ಟ್ ದೀಪದಲ್ಲಿ ಎಲ್ಲ ಪರೀಕ್ಷೆ ಮುಗಿಸಿ. ಕಂಬ ಹತ್ತುವುದು, ಲೈನ್ ಮುಟ್ಟುವುದು ಲೈನ್‌ಮ್ಯಾನ್ ಕೆಲಸ. ಅಲ್ಲಿ ವಿದ್ಯಾರ್ಥಿಗಳ ಸಾಹಸ ಬೇಡವೇ ಬೇಡ. ಹಾಗೆಯೇ ಕ್ಯಾಡ್ಮಿಯಂ ವಿಷಕಾರಿ. ವಿದ್ಯುನ್ಮಾನ ಸಾಧನಗಳಲ್ಲಿ ಅದರ ಬಳಕೆಗೆ ಯುರೋಪಿನಲ್ಲೂ ನಮ್ಮ ಇ-ತ್ಯಾಜ್ಯ ನಿಯಮಗಳಲ್ಲೂ ಶೇ 0.01ರ ಮಿತಿ ಇದೆ. ಒಡೆದ ಎಲ್‌ಡಿಆರನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯದ ಜೊತೆ ಸೇರಿಸಿ. ಕ್ಯಾಡ್ಮಿಯಂ ಬೇಡ ಎನ್ನುವವರಿಗೆ ಫೋಟೊ ಟ್ರಾನ್ಸಿಸ್ಟರ್ ಇದೆ, ಲಕ್ಸ್‌ನಲ್ಲೇ ಅಳತೆ ಕೊಡುವ ಬಿಎಚ್1750 ಇದೆ. ಅವುಗಳಿಗೂ ಮೇಲಿನ ನಾಲ್ಕು ಮಾತು ಅನ್ವಯ.

‘ಕೆಟ್ಟೋದಾಗ ಯಾರ್ ಬತ್ತಾರೆ?’

ನಮ್ಮೂರಲ್ಲಿ ಬೀದಿ ದೀಪದ ಸ್ವಿಚ್ ಇರುವುದು ನೀರುಗಂಟಿ ಮಾವನ ಕೈಯಲ್ಲಿ. ನೀರು ಬಿಡುವುದು, ಮೋಟಾರ್ ನೋಡುವುದು, ಪೈಪ್ ಒಡೆದರೆ ಓಡುವುದು, ಜೊತೆಗೆ ದೀಪ. ನಮ್ಮ ಪುಟ್ಟ ಮಾದರಿ ತೋರಿಸಿ, ‘ಮಾವ, ಇದು ನಿಮ್ಮ ಕೆಲಸಕ್ಕೆ ಕುತ್ತು ತರುತ್ತೆ ಅನ್ನಿಸುತ್ತಾ?’ ಎಂದು ಕೇಳಿದೆ. ಅವರು ನಕ್ಕರು. ‘ಅಯ್ಯೋ ಇಲ್ಲ ಕಣವ್ವ. ದಿನಾ ನಾಕ್ ಕಡೆ ಸ್ವಿಚ್ ಹಾಕಕ್ಕೆ ಓಡೋದು ತಪ್ಪುದ್ರೆ ನಂಗೂ ಆರಾಮು. ಆದ್ರೆ ಕೆಟ್ಟೋದಾಗ ಯಾರ್ ಬತ್ತಾರೆ?’

ನಮ್ಮ ಪ್ರಾಜೆಕ್ಟ್ ವರದಿಗಳಲ್ಲಿ ಎಲ್ಲೂ ಇರದ ಪ್ರಶ್ನೆ ಇದು. ಟೈಮರ್ ಪೆಟ್ಟಿಗೆ, ಸೆನ್ಸರ್ ಪೆಟ್ಟಿಗೆ ಹಾಕಿದ ಊರುಗಳು ಈಗಲೂ ಇವೆ. ಅವು ಕೆಟ್ಟ ಮೇಲೆ ದುರಸ್ತಿಗೆ ಯಾರೂ ಬಾರದೆ, ತಂತಿಯನ್ನು ನೇರ ಜೋಡಿಸಿ ಬಿಟ್ಟಿರುವುದನ್ನೂ ನೋಡಿದ್ದೇನೆ. ಆಮೇಲೆ ಹಗಲೂ ರಾತ್ರಿ ದೀಪ. ಟೈಮರ್‌ಗೆ ಇನ್ನೊಂದು ತೊಡಕಿದೆ. ನಮ್ಮ ಕಡೆ ಜುಲೈನಲ್ಲಿ ಸೂರ್ಯ ಮುಳುಗುವುದು ನವೆಂಬರ್‌ಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ. ಸಾಮಾನ್ಯ ಟೈಮರನ್ನು ಯಾರಾದರೂ ಆಗಾಗ ತಿದ್ದುತ್ತಿರಬೇಕು. ಎಲ್‌ಡಿಆರ್‌ಗೆ ಪಂಚಾಂಗ ಬೇಡ, ಆದರೆ ಒರೆಸುವ ಬಟ್ಟೆ ಬೇಕು. ಯಾವುದನ್ನು ಆರಿಸಿದರೂ ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕೇ ಬೇಕು.

ಒಂದು ಸರಳ ಲೆಕ್ಕ ಹಾಕಿ. ಒಂದು ಊರಿನಲ್ಲಿ 20 ವ್ಯಾಟ್‌ನ ನೂರು ದೀಪಗಳಿವೆ ಎಂದಿಟ್ಟುಕೊಳ್ಳಿ. ಅವು ಹಗಲಿನ ಹನ್ನೆರಡು ಗಂಟೆಯೂ ಉರಿದರೆ ದಿನಕ್ಕೆ 24 ಯೂನಿಟ್, ತಿಂಗಳಿಗೆ 720 ಯೂನಿಟ್. ಅದರ ಬಿಲ್ ಕಟ್ಟುವುದು ಪಂಚಾಯಿತಿ, ಅಂದರೆ ನಾವೇ. ಮಾದರಿಗೆ ಬೇಕಾಗುವ ಎಲ್‌ಡಿಆರ್, ರೆಸಿಸ್ಟರ್, ಟ್ರಾನ್ಸಿಸ್ಟರ್, ರಿಲೇಗಳಿಗೆ ನೂರಿನ್ನೂರು ರೂಪಾಯಿ ಸಾಕು. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು ಅಲ್ಲಿಂದ ಹೋದ ಕರೆಂಟಿನಿಂದ. ಅಂಥ ಜಿಲ್ಲೆಯವರು ಹಗಲು ದೀಪ ಉರಿಸಿಕೊಂಡು ಕೂರುವುದು ಚೆಂದವೇ?

ಬೀದಿ ದೀಪ ಒಂದೇ ಅಲ್ಲ

ರೇಷ್ಮೆ ನಮ್ಮ ಜಿಲ್ಲೆಯ ಹಳೆಯ ಬೆಳೆ. ಹುಳು ಸಾಕುವ ಮನೆಯಲ್ಲಿ ಬೆಳಕು ಮಂದವಾಗಿರಬೇಕು, 15ರಿಂದ 30 ಲಕ್ಸ್‌ನಷ್ಟು ಇದ್ದರೆ ಒಳ್ಳೆಯದು, ಜೋರು ಬೆಳಕೂ ಬೇಡ, ಪೂರ್ತಿ ಕತ್ತಲೂ ಬೇಡ ಎನ್ನುತ್ತವೆ ರೇಷ್ಮೆ ಕೃಷಿಯ ಪಠ್ಯಗಳು. ಎಲ್‌ಡಿಆರ್ ಚುರುಕಾಗಿರುವುದು ಸರಿಯಾಗಿ ಈ ಮಬ್ಬು ಬೆಳಕಿನಲ್ಲೇ. ಬೆಳಕು ಹೆಚ್ಚಾದರೆ ಕೆಂಪು, ಸರಿಯಿದ್ದರೆ ಹಸಿರು ತೋರಿಸುವ ಸಣ್ಣ ಪೆಟ್ಟಿಗೆಯನ್ನು ಡಿಪ್ಲೊಮಾ ಓದುವ ಹುಡುಗನೂ ಒಂದು ವಾರದಲ್ಲಿ ಮಾಡಬಹುದು. ಆದರೆ ಒಂದು ಮಿತಿ ನೆನಪಿರಲಿ. ಬೆಳಕು ಹತ್ತು ಪಟ್ಟಾದರೆ ಎಲ್‌ಡಿಆರ್‌ನ ರೋಧ ಹತ್ತನೇ ಒಂದು ಭಾಗಕ್ಕೆ ಇಳಿಯುವುದಿಲ್ಲ, ನಾಲ್ಕೈದನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅದು ಅಳತೆಗೋಲಲ್ಲ, ಕಾವಲುಗಾರ. ಒಮ್ಮೆ ಲಕ್ಸ್ ಮೀಟರ್ ಪಕ್ಕದಲ್ಲಿಟ್ಟು ಗಡಿ ಗುರುತಿಸಿಕೊಂಡರೆ ತನ್ನ ಕೆಲಸ ಮಾಡುತ್ತದೆ.

ತಾನೇ ಗ್ರಹಿಸಿ ತಾನೇ ಕೆಲಸ ಮಾಡುವ ಯಂತ್ರ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯ ರೂಪಿಸಿದ, ನೀರಿನ ಮಟ್ಟಕ್ಕೆ ತಕ್ಕಂತೆ ತಾವೇ ತೆರೆದು ಮುಚ್ಚುವ ಬಾಗಿಲುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಬಂದವು. ಆಮೇಲೆ ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ಕನ್ನಂಬಾಡಿ ಕಟ್ಟೆಗೂ ಬಂದವು. ಅದರಲ್ಲಿ ಚಿಪ್ ಇರಲಿಲ್ಲ, ಪ್ರೋಗ್ರಾಂ ಇರಲಿಲ್ಲ. ನೀರು ಎಷ್ಟು ಬರುತ್ತದೆ, ಎಲ್ಲಿ ಏರುತ್ತದೆ ಎಂದು ಅಳೆದು ತಿಳಿದ ಬುದ್ಧಿ ಇತ್ತು. ಸೆಪ್ಟೆಂಬರ್ 15ರಂದು ಎಂಜಿನಿಯರ್‌ಗಳ ದಿನ ಎಂದು ಅವರ ಫೋಟೊಗೆ ಹಾರ ಹಾಕುವ ನಾವು ಆ ಅಳೆಯುವ ಅಭ್ಯಾಸವನ್ನೂ ತೆಗೆದುಕೊಳ್ಳಬೇಕು.

ಹಾಗಾದರೆ ಮಾಡಬೇಕಾದ್ದೇನು? ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಡಿಪ್ಲೊಮಾ, ಐಟಿಐ ಓದುವವರೂ ಸಾಕಷ್ಟು ಇದ್ದೇವೆ. ಕಾಲೇಜುಗಳು ಒಂದೊಂದು ತಂಡಕ್ಕೆ ಒಂದೊಂದು ಬೀದಿಯನ್ನು ಮಿನಿ ಪ್ರಾಜೆಕ್ಟ್ ಆಗಿ ಕೊಡಲಿ. ಪಂಚಾಯಿತಿಯ ಒಪ್ಪಿಗೆ, ವಿದ್ಯುತ್ ನಿಗಮದ ಅನುಮತಿ ಇರಲಿ, ಜೋಡಣೆ ಲೈನ್‌ಮ್ಯಾನ್ ಕೈಯಿಂದಲೇ ಆಗಲಿ. ಅಂಕ ಕೊಡುವುದು ಪ್ರದರ್ಶನದ ದಿನದ ಮಿಂಚಿಗಲ್ಲ, ಆರು ತಿಂಗಳ ನಂತರವೂ ದೀಪ ಸರಿಯಾಗಿ ಉರಿಯುತ್ತಿದೆಯೇ ಎಂಬುದಕ್ಕೆ. ಈ ವರ್ಷದ ತಂಡ ಮುಂದಿನ ವರ್ಷದವರಿಗೆ ಬೀದಿಯನ್ನು ಒಪ್ಪಿಸಿ ಹೋಗಲಿ. ‘ಯಾರ್ ಬತ್ತಾರೆ’ ಎಂಬ ಪ್ರಶ್ನೆಗೆ ಆಗ ಒಂದು ಉತ್ತರ ಸಿಗುತ್ತದೆ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಪದವಿ ಮುಗಿದು ಮನೆಯಲ್ಲಿ ಕೂತಿದ್ದೇವೆ ಎಂದು ಕೊರಗುವ ಬದಲು ಒಂದು ವಾರ ಕೊಡಿ. ಒಂದು ಎಲ್‌ಡಿಆರ್, ಒಂದು ರೆಸಿಸ್ಟರ್, ಒಂದು ಮಲ್ಟಿಮೀಟರ್, ಒಂದು ನೋಟ್‌ಬುಕ್ ಸಾಕು. ಏಳು ಸಂಜೆ ನಿಮ್ಮ ಮನೆಯ ಮುಂದೆ ಕೂತು ಐದೈದು ನಿಮಿಷಕ್ಕೆ ರೋಧ ಬರೆದುಕೊಳ್ಳಿ. ಗ್ರಾಫ್ ಹಾಕಿ. ಯಾವ ಸಂಖ್ಯೆಯಲ್ಲಿ ನಿಮ್ಮ ಬೀದಿಗೆ ದೀಪ ಬೇಕು ಎಂದು ನೀವೇ ತೀರ್ಮಾನಿಸಿ. ಮುಂದಿನ ಸಂದರ್ಶನದಲ್ಲಿ ‘ಈ ಬೆಲೆ ಏಕೆ?’ ಎಂದು ಕೇಳಿದರೆ ಆ ನೋಟ್‌ಬುಕ್ ತೆರೆದು ತೋರಿಸಿ.